ಚಿತ್ರದಲ್ಲಿ ಉಡಿಗೆ: ಗುರುತೂ ಸಂಕೇತವೂ

ಚಿತ್ರದೊಳಗಿನ ಉಡಿಗೆಯು ಮೈಯನ್ನು ಮುಚ್ಚುವುದಕ್ಕೆ ಮಾತ್ರ ಇರುವುದಲ್ಲ. ಅದು ನೋಡುವವರೊಡನೆ ಮಾತನಾಡುತ್ತದೆ. ಆ ಮಾತು ಎರಡು ಬಗೆಯದು. ಉಟ್ಟವರು ಯಾರು, ಎಲ್ಲಿಯವರು ಎಂಬುದನ್ನು ತಿಳಿಸಿದರೆ ಅದು ಗುರುತು. ಕಣ್ಣಿಗೆ ಕಾಣದ ಭಾವವೊಂದನ್ನು ತಿಳಿಸಿದರೆ ಅದು ಸಂಕೇತ. ಈ ಭೇದವನ್ನರಿಯಲು ವಾಚಕರು ಎರಡು ಪ್ರಸಿದ್ಧ ಚಿತ್ರಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ನೋಡಬೇಕು.

ಮೊದಲನೆಯದು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿದೆ. ರಾಜಾ ರವಿವರ್ಮನು 1889ರ ಸುಮಾರಿಗೆ ಮೈಸೂರಿನ ಮಹಾರಾಜರಿಗಾಗಿ ರಚಿಸಿದ ಗಾಯಕಿಯರ ಗೋಷ್ಠಿ ಅದು. ಅಲ್ಲಿರುವವರು 11 ಮಂದಿ ಸ್ತ್ರೀಯರು. ವೀಣೆ ಹಿಡಿದವಳ ಬಿಳಿಯ ವಸ್ತ್ರವನ್ನು ಕಂಡೊಡನೆಯೇ ಆಕೆ ಮಲೆಯಾಳದವಳೆಂದು ತಿಳಿಯುತ್ತದೆ. ಉಳಿದವರ ಉಡಿಗೆಗಳೂ ಹಾಗೆಯೇ ಅವರವರ ಪ್ರಾಂತ, ಮತ, ಕುಲಗಳನ್ನು ಸಾರುತ್ತವೆ. ರೇಷ್ಮೆಯ ನೆರಿಗೆ, ಜರಿಯ ಹೊಳಪುಗಳನ್ನು ಬಿಡಿಸುವುದರಲ್ಲಿ ರವಿವರ್ಮನ ಕೈ ಎಣೆಯಿಲ್ಲದ್ದು. ಒಂದೊಂದು ಉಡಿಗೆಯೂ ಗುರುತೇ. ಎಲ್ಲವೂ ಒಂದೇ ಗೋಷ್ಠಿಯಲ್ಲಿ ಕೂಡಿದಾಗ ಮಾತ್ರ ಹಲವು ನಾಡುಗಳ ಒಂದು ದೇಶವೆಂಬ ಭಾವವು ಮೂಡುತ್ತದೆ.

ಎರಡನೆಯದು ಅವನೀಂದ್ರನಾಥ ಠಾಕೂರರು 1905ರಲ್ಲಿ ರಚಿಸಿದ ‘ಭಾರತಮಾತೆ’. ಇಲ್ಲಿ ಇರುವವಳು ಒಬ್ಬಳೇ, ಉಟ್ಟಿರುವುದು ಕಾವಿ. ಆ ಬಟ್ಟೆ ಯಾವ ಪ್ರಾಂತದ ಗುರುತೂ ಅಲ್ಲ. ಕಾವಿಯು ಮನೆಯನ್ನು ತೊರೆದವರ ಉಡಿಗೆ. ತಾಯಿಯಾದರೋ ಮನೆಗೇ ಆಧಾರವಾದವಳು. ಈ ಎರಡನ್ನೂ ಒಂದೆಡೆ ಕೂಡಿಸಿದುದೇ ಚಿತ್ರಕಾರರ ಪ್ರತಿಭೆ. ತನಗೆಂದು ಏನನ್ನೂ ಇಟ್ಟುಕೊಳ್ಳದ ತಾಯಿ ಎಂಬ ಅರ್ಥವು ಆ ಬಣ್ಣದಿಂದಲೇ ಹೊರಡುತ್ತದೆ. ಆಕೆಯ ನಾಲ್ಕು ಕೈಗಳಲ್ಲಿ ಗ್ರಂಥ, ಭತ್ತದ ತೆನೆ, ಜಪಮಾಲೆ, ಬಿಳಿಯ ವಸ್ತ್ರ ಇವೆ. ಆಯುಧವಿಲ್ಲ. ಅದು ವಂಗಭಂಗದ ವರ್ಷ. ವಿದೇಶೀ ಬಟ್ಟೆಯನ್ನು ಬಿಡಬೇಕೆಂಬ ಸ್ವದೇಶೀ ಚಳುವಳಿ ಎದ್ದ ಕಾಲ. ಆದುದರಿಂದ ಕೈಯಲ್ಲಿನ ವಸ್ತ್ರವು ಬರಿಯ ಅಲಂಕಾರವಲ್ಲ. ಉಟ್ಟ ಬಟ್ಟೆ ತ್ಯಾಗವನ್ನು ಹೇಳಿದರೆ, ಹಿಡಿದ ಬಟ್ಟೆ ಮಕ್ಕಳ ಮಾನವನ್ನು ಹೇಳುತ್ತದೆ.

ಹಾಗೆಂದು ರವಿವರ್ಮನದು ಕೀಳೆನ್ನಲಾಗದು. ಅವನ ಚಿತ್ರದಲ್ಲಿ ಬಾಳಿ ಬದುಕಿದ ಹೆಂಗಸರ ಉಡಿಗೆ ಉಳಿದಿದೆ; ಅವನೀಂದ್ರರ ಚಿತ್ರದಲ್ಲಿ ಭಾವವುಂಟು, ನಿತ್ಯದ ಬದುಕಿನ ಉಡಿಗೆಯಿಲ್ಲ. ಹಾನಿಯಾಗುವುದು ಬೇರೆಡೆ. ಮುಂದೆ ಅಚ್ಚಾದ ಎಷ್ಟೋ ಪಟಗಳಲ್ಲಿ ಭಾರತಮಾತೆಗೆ ಜರತಾರಿಯ ಸೀರೆಯನ್ನುಡಿಸಿ ಕಿರೀಟವನ್ನು ತೊಡಿಸಿದರು. ಆ ಸೀರೆ ಒಂದು ನಾಡಿನ ಗುರುತೂ ಆಗಲಿಲ್ಲ, ತ್ಯಾಗದ ಸಂಕೇತವೂ ಆಗಲಿಲ್ಲ. ಸಿರಿಯ ತೋರಿಕೆಯಾಗಿ ನಿಂತಿತು. ಗೋಡೆಯ ಮೇಲೆ ಪಟವನ್ನು ತೂಗುಹಾಕುವ ಮೊದಲು ಅದರ ಉಡಿಗೆ ಏನನ್ನು ಹೇಳುತ್ತದೆಂದು ಕೇಳಿಕೊಳ್ಳುವುದು ರಸಿಕರ ಕರ್ತವ್ಯವಲ್ಲವೆ?