ಶೆಲ್ಲು ಬದಲಿಸುವ ಮೊದಲು ಬಲ್ಬಿನ ಅಂಕಿ ಓದಿ

ಹಿತ್ತಾಳೆ ಮೈಯ ಹಳೆಯ ಟಾರ್ಚು ಕೊಳ್ಳುವವರು ಮೊದಲು ನಿಕಲ್ ಹೊಳಪು ನೋಡುತ್ತಾರೆ, ಆಮೇಲೆ ಮುಂದಿನ ಗಾಜು, ಆಮೇಲೆ ಸ್ವಿಚ್ಚಿನ ಬಿಗಿ. ನಾನು ಮೊದಲು ತಲೆಯ ತಿರುಪು ಬಿಚ್ಚಿ ಬಲ್ಬನ್ನು ಹೊರಗೆ ತೆಗೆಯುತ್ತೇನೆ. ಅದರ ಕುತ್ತಿಗೆಯ ಲೋಹದ ಮೇಲೆ ಎರಡು ಅಂಕಿಗಳನ್ನು ಒತ್ತಿರುತ್ತಾರೆ: 2.5 ವೋಲ್ಟ್, 0.3 ಆಂಪಿಯರ್. ಅಕ್ಷರ ಎಷ್ಟು ಸಣ್ಣದೆಂದರೆ ಭೂತಗನ್ನಡಿ ಹಿಡಿದು, ಬೆಳಕಿಗೆ ಓರೆ ಮಾಡಿ ಓದಬೇಕು. ಟಾರ್ಚು ಎಷ್ಟು ದೂರ ಬೆಳಗುತ್ತದೆ, ಶೆಲ್ಲು ಎಷ್ಟು ಕಾಲ ಬರುತ್ತದೆ ಎಂಬ ಪ್ರಶ್ನೆಗಳಿಗೆ ಮುಕ್ಕಾಲು ಉತ್ತರ ಆ ಎರಡು ಅಂಕಿಗಳಲ್ಲೇ ಇರುತ್ತದೆ. ಆದರೂ ನಾವು ಶೆಲ್ಲಿನ ಕಂಪನಿಯ ಬಗ್ಗೆ ವಾದ ಮಾಡುತ್ತೇವೆಯೇ ಹೊರತು ಬಲ್ಬಿನ ಕಡೆ ತಿರುಗಿ ನೋಡುವುದಿಲ್ಲ.

ಅಮೆರಿಕದಲ್ಲಿ 1899ರಲ್ಲಿ ಡೇವಿಡ್ ಮಿಸೆಲ್ ಎಂಬಾತ ಕೊಳವೆಯಾಕಾರದ ಕೈದೀಪಕ್ಕೆ ಪೇಟೆಂಟ್ ಪಡೆದ. ಒಂದರ ಹಿಂದೆ ಒಂದು ಕೂತ ಶೆಲ್ಲುಗಳು, ಒಂದು ತುದಿಯಲ್ಲಿ ಬಲ್ಬು, ಅದರ ಹಿಂದೆ ರಿಫ್ಲೆಕ್ಟರ್. ಲಖನೌದ ಎವರೆಡಿ ಟಾರ್ಚಿನಲ್ಲೂ ಅಲಹಾಬಾದಿನ ಜೀಪ್ ಟಾರ್ಚಿನಲ್ಲೂ ಇದ್ದದ್ದು ಅದೇ ಕಟ್ಟು. ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವವರು, ಗದ್ದೆಯಂಚಿನ ಮೇಲೆ ನಡೆದು ಯಕ್ಷಗಾನಕ್ಕೆ ಹೊರಟವರು ‘ಬ್ಯಾಟ್ರಿ’ ಎಂದು ಕೈಯಲ್ಲಿ ಹಿಡಿದದ್ದು ಇದನ್ನೇ. ಇದರೊಳಗೆ ಕರೆಂಟನ್ನು ಅಳೆದು ಕೊಡುವ ಯಾವ ಸರ್ಕ್ಯೂಟೂ ಇಲ್ಲ. ಎಷ್ಟು ಹರಿಯಬೇಕೆಂದು ತೀರ್ಮಾನಿಸುವುದು ಬಲ್ಬಿನೊಳಗಿನ ಸುರುಳಿ ತಂತಿಯ ರೋಧ.

ಎರಡು ಶೆಲ್ಲಿನ ಟಾರ್ಚಿಗೆ 2.5 ವೋಲ್ಟಿನ ಬಲ್ಬು ಯಾಕೆ? ಹೊಸ ಶೆಲ್ಲಿನದು 1.5 ವೋಲ್ಟ್, ಎರಡಕ್ಕೆ 3 ಆಗಬೇಕಲ್ಲ? ಶಾಲೆಯ ಹುಡುಗರು ಕೇಳುವ ಈ ಪ್ರಶ್ನೆ ನನಗೆ ಬಲು ಇಷ್ಟ. ಶೆಲ್ಲಿನೊಳಗೂ ಒಂದು ರೋಧ ಇದೆ. ಹೊಸದಾದ ದೊಡ್ಡ ಸತು-ಇದ್ದಿಲು ಶೆಲ್ಲಿನಲ್ಲಿ ಅದು ಕಾಲಿನಿಂದ ಅರ್ಧ ಓಮ್‌ವರೆಗೆ ಇರುತ್ತದೆ, ಶೆಲ್ಲು ಸವೆದಂತೆಲ್ಲ ಏರುತ್ತದೆ. ಬಲ್ಬು ಹೊತ್ತಿ ಕರೆಂಟು ಹರಿಯತೊಡಗಿದ ಕೂಡಲೇ ಒಂದಷ್ಟು ವೋಲ್ಟು ಒಳಗೇ ಕಳೆದುಹೋಗುತ್ತದೆ. ಬಲ್ಬು ಮಾಡುವವರು ಈ ಕುಸಿತವನ್ನು ಮೊದಲೇ ಲೆಕ್ಕ ಹಾಕಿ ಎರಡು ಶೆಲ್ಲಿಗೆ 2.5, ಮೂರು ಶೆಲ್ಲಿಗೆ 3.8 ಎಂದು ಗೊತ್ತು ಮಾಡಿದರು. ಸರ್ಕ್ಯೂಟು ಇಲ್ಲದ ದೀಪದಲ್ಲಿ ಶೆಲ್ಲಿನ ದೌರ್ಬಲ್ಯವನ್ನೇ ವಿನ್ಯಾಸದ ಭಾಗ ಮಾಡಿಕೊಂಡ ಈ ಜಾಣ್ಮೆಗೆ ನಾನು ಇಂದಿಗೂ ತಲೆದೂಗುತ್ತೇನೆ.

ಈಗ ತಂತಿಯ ವಿಷಯ. ಓಮ್ ನಿಯಮದ ಪ್ರಕಾರ 2.5ನ್ನು 0.3ರಿಂದ ಭಾಗಿಸಿದರೆ ಬಲ್ಬಿನ ರೋಧ 8.3 ಓಮ್. ಆದರೆ ಆರಿದ ಬಲ್ಬಿಗೆ ಮಲ್ಟಿಮೀಟರಿನ ಕಡ್ಡಿ ಹಿಡಿದು ನೋಡಿ, ಒಂದು ಓಮ್‌ನ ಆಸುಪಾಸು ತೋರಿಸುತ್ತದೆ. ಮೀಟರು ಕೆಟ್ಟಿಲ್ಲ. ಟಂಗ್‌ಸ್ಟನ್ ಕಾದಂತೆ ಅದರ ರೋಧ ಏರುತ್ತದೆ, ಬಿಳಿಯಾಗಿ ಉರಿಯುವಾಗ ತಣ್ಣಗಿದ್ದಾಗಿನ ಎಂಟು ಹತ್ತು ಪಟ್ಟಾಗಿರುತ್ತದೆ. ಸ್ವಿಚ್ಚು ಒತ್ತಿದ ಮೊದಲ ಕ್ಷಣದಲ್ಲಿ ತಣ್ಣನೆಯ ತಂತಿಗೆ ಹಲವು ಪಟ್ಟು ಕರೆಂಟು ನುಗ್ಗುತ್ತದೆ. ಮುದಿ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಹೊತ್ತಿಸುವಾಗ ಫಟ್ಟೆಂದು ಹೋಗುವುದು ಇದರಿಂದಲೇ.

ಇದೇ ಗುಣದಿಂದ ಇನ್ನೊಂದು ಪರಿಣಾಮವೂ ಇದೆ, ಶೆಲ್ಲಿನ ಆಯುಷ್ಯದ ಗುಟ್ಟು ಅಲ್ಲಿದೆ. ಶೆಲ್ಲು ಸೋತು ಬಲ್ಬಿಗೆ ಸಿಗುವ ವೋಲ್ಟು ಅರ್ಧಕ್ಕೆ ಇಳಿಯಿತು ಎನ್ನಿ. ಕರೆಂಟೂ ಅರ್ಧಕ್ಕೆ ಇಳಿಯಬೇಕಿತ್ತು. ಆದರೆ ತಂತಿ ತಣ್ಣಗಾಗಿ ಅದರ ರೋಧವೂ ಇಳಿದಿರುವುದರಿಂದ ಕರೆಂಟು ಸುಮಾರು ಮೂರನೇ ಎರಡರಷ್ಟು ಹರಿಯುತ್ತಲೇ ಇರುತ್ತದೆ. ಬೆಳಕು ಮಾತ್ರ ಹತ್ತರಲ್ಲಿ ಒಂದು ಪಾಲಿಗೆ ಬಿದ್ದಿರುತ್ತದೆ. ಕೆಂಡದ ಬಣ್ಣಕ್ಕೆ ತಿರುಗಿದ ಬಲ್ಬನ್ನು ‘ಇನ್ನೂ ಸ್ವಲ್ಪ ಬರುತ್ತದೆ’ ಎಂದು ಉರಿಸುವವರು ಶೆಲ್ಲು ಉಳಿಸುತ್ತಿಲ್ಲ. ಹೆಚ್ಚುಕಡಿಮೆ ಅದೇ ಖರ್ಚಿನಲ್ಲಿ ತೀರಾ ಕಡಿಮೆ ಬೆಳಕು ಕೊಳ್ಳುತ್ತಿದ್ದಾರೆ. ಬೆಳಕು ಹಳದಿಗೆ ತಿರುಗಿದಾಗ ಆರಿಸಿ, ಶೆಲ್ಲಿಗೆ ಬಿಡುವು ಕೊಡಿ. ಸತು-ಇದ್ದಿಲು ಶೆಲ್ಲು ಬಿಡುವಿನಲ್ಲಿ ಚೇತರಿಸಿಕೊಳ್ಳುತ್ತದೆ. ಒಂದೇ ಸಮನೆ ಉರಿಸಿದ್ದಕ್ಕಿಂತ ದಿನಕ್ಕೆ ಅರ್ಧ ಗಂಟೆಯಂತೆ ಉರಿಸಿದರೆ ಒಟ್ಟು ಗಂಟೆಗಳು ಹೆಚ್ಚು ಸಿಗುತ್ತವೆ. ನಮ್ಮ ಹಿರಿಯರು ಶೆಲ್ಲುಗಳನ್ನು ಅಂಗಳದ ಬಿಸಿಲಿಗೆ ಇಡುತ್ತಿದ್ದುದು ಮೂಢನಂಬಿಕೆ ಅಲ್ಲ. ಬಿಸಿಗೆ ಒಳಗಿನ ರಾಸಾಯನಿಕ ಚಲನೆ ಚುರುಕಾಗುತ್ತದೆ, ಬಿಡುವಂತೂ ಸಿಕ್ಕೇ ಸಿಗುತ್ತದೆ, ಒಂದೆರಡು ರಾತ್ರಿಯ ಬೆಳಕು ಮರಳಿ ಬರುತ್ತದೆ. ಹೊಸ ಶೆಲ್ಲುಗಳಿಗೆ ಮಾತ್ರ ಬಿಸಿಲು ಹಾನಿ.

ಬಲ್ಬು ತಪ್ಪಾದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಕೈಗೆ ಸಿಕ್ಕ ಬಲ್ಬು ಕೊಟ್ಟು ಕಳಿಸುವುದು ಮಾಮೂಲು. ಎರಡು ಶೆಲ್ಲಿನ ಟಾರ್ಚಿಗೆ 3.8ರ ಬಲ್ಬು ಹಾಕಿದರೆ ಅದು ತನ್ನ ಪೂರ್ಣ ಬೆಳಕಿನ ಕಾಲು ಭಾಗವನ್ನಷ್ಟೇ ಕೊಡುತ್ತದೆ, ಕರೆಂಟು ಮಾತ್ರ ಐದರಲ್ಲಿ ನಾಲ್ಕು ಪಾಲು ಎಳೆಯುತ್ತದೆ. ಬಲ್ಬೇನೋ ಬಹುಕಾಲ ಬಾಳುತ್ತದೆ. ಮೂರು ಶೆಲ್ಲಿಗೆ 2.5ರ ಬಲ್ಬು ಹಾಕಿದರೆ ಕಣ್ಣು ಕೋರೈಸುವ ಬಿಳಿ ಬೆಳಕು, ಗಂಟೆಗಟ್ಟಲೆ ಬರಬೇಕಾದ ತಂತಿ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಹತ್ತು ಪರ್ಸೆಂಟ್ ವೋಲ್ಟು ಹೆಚ್ಚಾದರೂ ಸಾಕು: ಬೆಳಕು ಮೂರರಲ್ಲಿ ಒಂದಂಶಕ್ಕಿಂತ ಹೆಚ್ಚೇ ಏರುತ್ತದೆ, ಬಲ್ಬಿನ ಆಯುಷ್ಯ ಮೂರನೇ ಒಂದಕ್ಕೆ ಇಳಿಯುತ್ತದೆ.

ಈಚೆಗೆ ನೆರೆಮನೆಯ ಹಿರಿಯರೊಬ್ಬರು ತಮ್ಮ ಹಳೆಯ ಟಾರ್ಚು ತಂದು, ‘ಹೊಸ ಶೆಲ್ಲು ಹಾಕಿದೀನಿ ಮಾರಾಯ, ಆದ್ರೂ ಮಂಕು. ಈಗಿನ ಶೆಲ್ಲೇ ಸರಿ ಇಲ್ಲ’ ಎಂದರು. ‘ಶೆಲ್ಲಿಗೆ ಬೈಬೇಡಿ ರಾಯರೆ, ಮೊದಲು ಮುಚ್ಚಳ ಬಿಚ್ಚೋಣ’ ಎಂದೆ. ಹಿಂದಿನ ಮುಚ್ಚಳದ ಸ್ಪ್ರಿಂಗು ಬುಡದಲ್ಲಿ ಹಸಿರು ಕಿಲುಬು ಹಿಡಿದಿತ್ತು. ಮುಚ್ಚಳದ ತಿರುಪಿನ ಸುತ್ತುಗಳಲ್ಲಿ ಕಪ್ಪು ಜಿಡ್ಡು, ಸ್ವಿಚ್ಚಿನಡಿಯ ಹಿತ್ತಾಳೆ ಪಟ್ಟಿಯ ತುದಿ ಮಾಸಲು. ಬಲ್ಬು 0.5 ಆಂಪಿಯರಿನದು. ಸ್ಪ್ರಿಂಗಿನಿಂದ ಬಲ್ಬಿನ ಕೂರುಮನೆಯವರೆಗೆ ಅಳೆದರೆ ಅರ್ಧ ಓಮ್ ಬಂತು. ಅರ್ಧ ಓಮ್ ಎಂದರೆ ಏನು ಮಹಾ ಅನಿಸಬಹುದು. ಅರ್ಧ ಆಂಪಿಯರ್ ಹರಿಯುವಾಗ ಅಲ್ಲಿ ಕಾಲು ವೋಲ್ಟು ಹೋಗುತ್ತದೆ, ಅಂದರೆ ಬಲ್ಬಿನ ಪಾಲಿನ ಹತ್ತನೇ ಒಂದು. ಬೆಳಕಿನಲ್ಲಿ ಅದು ಮೂವತ್ತು ಪರ್ಸೆಂಟ್ ನಷ್ಟ. ನಯವಾದ ಉಪ್ಪುಕಾಗದದಿಂದ ಸ್ಪ್ರಿಂಗಿನ ಎರಡೂ ತುದಿ ಉಜ್ಜಿದೆವು. ಪಟ್ಟಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಹಿತ್ತಾಳೆಯ ಬಣ್ಣ ಕಾಣುವವರೆಗೆ ತಂದೆವು. ತಿರುಪನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟೆವು. ಬಲ್ಬಿನ ಬುಡದ ಸೀಸದ ಚುಕ್ಕೆ ಚಪ್ಪಟೆಯಾಗಿ ಬೂದುಗಟ್ಟಿತ್ತು, ಅದನ್ನೂ ಒಂದೆರಡು ಬಾರಿ ಮೆಲ್ಲಗೆ ಉಜ್ಜಿದ್ದಾಯಿತು. ಅದೇ ಶೆಲ್ಲು, ಅದೇ ಬಲ್ಬು. ಅವರು ಗೋಡೆಗೆ ಬೆಳಕು ಬಿಟ್ಟು ನೋಡಿ, ಮತ್ತೆ ಮುಚ್ಚಳ ಬಿಚ್ಚಿ ಶೆಲ್ಲು ಬದಲಾಗಿಲ್ಲವೆಂದು ಖಾತ್ರಿ ಮಾಡಿಕೊಂಡರು.

ಕಿಲುಬು ಬರುವುದು ಶೆಲ್ಲಿನಿಂದಲೇ. ಸತುವಿನ ಡಬ್ಬಿಯೇ ಶೆಲ್ಲಿನ ಋಣ ತುದಿ, ಅದೇ ಅದರ ಪಾತ್ರೆ ಕೂಡ. ಕರೆಂಟು ಕೊಡುತ್ತ ಡಬ್ಬಿ ತಾನೇ ಸವೆದು ತೆಳ್ಳಗಾಗುತ್ತದೆ, ತೂತು ಬಿದ್ದು ಒಳಗಿನ ಉಪ್ಪುನೀರು ಸೋರುತ್ತದೆ. ಸೋರಿದ್ದು ಹಿತ್ತಾಳೆಯನ್ನು ತಿನ್ನುತ್ತದೆ, ಶೆಲ್ಲು ಉಬ್ಬಿ ಕೊಳವೆಯೊಳಗೆ ಕಚ್ಚಿಕೊಂಡರೆ ಟಾರ್ಚೇ ಹೋಯಿತು. ಖಾಲಿ ಶೆಲ್ಲನ್ನು ಒಂದು ದಿನವೂ ಒಳಗೆ ಬಿಡಬೇಡಿ. ಹೊಸದಕ್ಕೆ ಹಳೆಯದನ್ನು ಜೋಡಿ ಮಾಡಲೇಬೇಡಿ, ಸೋತ ಶೆಲ್ಲಿನ ರೋಧ ಇಡೀ ಸಾಲಿನ ಕರೆಂಟನ್ನು ತಡೆಯುತ್ತದೆ, ಮೊದಲು ಸೋರುವುದೂ ಅದೇ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಿದೆ. ಹಳೆಯ ಟಾರ್ಚುಗಳಿಗೆ ಲಿಥಿಯಂ ಶೆಲ್ಲು ತುರುಕುವ ಪ್ರಯೋಗ ಈಗ ಹೆಚ್ಚುತ್ತಿದೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಶೆಲ್ಲು ಪೂರ್ತಿ ಚಾರ್ಜಾದಾಗ 4.2 ವೋಲ್ಟ್. 2.5ರ ಬಲ್ಬು ಅದಕ್ಕೆ ಕೂಡಲೇ ಸುಡುತ್ತದೆ, ಅದು ಸಣ್ಣ ನಷ್ಟ. ದೊಡ್ಡ ಅಪಾಯ ಒಳರೋಧದ್ದು. ಸತು-ಇದ್ದಿಲು ಶೆಲ್ಲಿನ ಎರಡು ತುದಿ ಕೂಡಿಬಿಟ್ಟರೂ ಕೆಲವೇ ಆಂಪಿಯರ್ ಹರಿಯುತ್ತದೆ, ಅದರ ಒಳರೋಧವೇ ಕಡಿವಾಣ. ಲಿಥಿಯಂ ಶೆಲ್ಲಿನ ಒಳರೋಧ ಒಂದು ಓಮ್‌ನ ನೂರರಲ್ಲಿ ಕೆಲವೇ ಪಾಲು. ಹಿತ್ತಾಳೆ ಕೊಳವೆಯೊಳಗೆ ಎಲ್ಲೋ ತಾಗಿದರೆ ಹತ್ತಾರು ಆಂಪಿಯರ್ ನುಗ್ಗಿ ಪಟ್ಟಿ ಕೆಂಪಾಗುತ್ತದೆ, ಶೆಲ್ಲು ಹೊತ್ತಿ ಉರಿಯಲೂಬಹುದು. ಬಟನ್ನಿನ ಹಿಂದೆ ಯಾವ ರಕ್ಷಣೆಯೂ ಇಲ್ಲದ ಸಾಧನಕ್ಕೆ ಅಂಥ ಶೆಲ್ಲು ಸಲ್ಲದು. ಅದರ ಮೇಲೆ ‘9900 ಎಂಎಎಚ್’ ಎಂದು ಬರೆದಿದ್ದರಂತೂ ಕೈಯಲ್ಲೂ ಮುಟ್ಟಬೇಡಿ. ಈ ಅಳತೆಯ ಒಳ್ಳೆಯ ಶೆಲ್ಲುಗಳು ತುಂಬಿಕೊಳ್ಳುವುದು 3500ರ ಹತ್ತಿರ. ಹೆಸರಿನಲ್ಲೇ ಸುಳ್ಳಿರುವ ಶೆಲ್ಲಿನ ಉಳಿದ ಗುಣಗಳನ್ನು ನಂಬಲು ಕಾರಣವೇ ಇಲ್ಲ.

ಹಾವು ಹರಿದಾಡುವ ಮಳೆಗಾಲದ ದಾರಿಗೆ ಎಲ್‌ಇಡಿ ಟಾರ್ಚೇ ಸರಿ. ಅದೇ ಶಕ್ತಿಗೆ ಹಲವು ಪಟ್ಟು ಬೆಳಕು ಕೊಡುತ್ತದೆ, ಒಳ್ಳೆಯದಾದರೆ ಒಳಗಿನ ಸರ್ಕ್ಯೂಟು ಶೆಲ್ಲು ಮುಗಿಯುವವರೆಗೆ ಬೆಳಕನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಆದರೆ ಅಂಥ ಹಲವು ಟಾರ್ಚುಗಳು ಸುಳಿವೇ ಕೊಡದೆ ಆರುತ್ತವೆ. ತಂತಿಯ ಬಲ್ಬು ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯುತ್ತ ಉಳಿದಿರುವುದೆಷ್ಟು ಎಂದು ಹೇಳುತ್ತಲೇ ಹೋಗುತ್ತದೆ. ನಾನು ಇಂದಿಗೂ ಮನೆಯ ಬಾಗಿಲ ಬಳಿ ಅದನ್ನು ತೂಗುಹಾಕಿರುವುದು ಈ ಗುಣಕ್ಕಾಗಿ.

ಬಲ್ಬುಗಳು ಈಗ ಸುಲಭಕ್ಕೆ ಸಿಗುವುದಿಲ್ಲ. ಹಳೆಯ ಎಲೆಕ್ಟ್ರಿಕಲ್ ಅಂಗಡಿಗಳ ಹಿಂದಿನ ಕಪಾಟಿನಲ್ಲಿ ರಟ್ಟಿನ ಡಬ್ಬಿಗಳು ಉಳಿದಿರುತ್ತವೆ, ಕೇಳಿ ನೋಡಿ. ಕ್ರಿಪ್ಟಾನ್ ತುಂಬಿದ್ದು ಸಿಕ್ಕರೆ ಬಿಡಬೇಡಿ, ಆ ಭಾರದ ಅನಿಲ ತಂತಿ ಆವಿಯಾಗುವುದನ್ನು ನಿಧಾನಿಸುವುದರಿಂದ ಬಲ್ಬನ್ನು ಹೆಚ್ಚು ಬಿಳಿಯಾಗಿ ಉರಿಸಬಹುದು. ಕೊಳ್ಳುವ ಮೊದಲು ಅಂಕಿ ಓದಿ, ತುದಿ ತಿರುಪಿನದೋ ಅಂಚುಪಟ್ಟಿಯದೋ ಎಂದು ನಿಮ್ಮ ಟಾರ್ಚಿಗೆ ಹೋಲಿಸಿ, ಎರಡು ಕೊಳ್ಳಿ. ಹಲವು ಟಾರ್ಚುಗಳ ಹಿಂದಿನ ಮುಚ್ಚಳದ ಸ್ಪ್ರಿಂಗಿನ ನಡುವೆ ಇನ್ನೊಂದು ಬಲ್ಬು ಇಡಲು ಜಾಗ ಇರುತ್ತದೆ, ಎರಡನೆಯದು ಅಲ್ಲಿಗೆ.