ಪೂರ್ವಜರು ಎಂದರೆ ಸಾಕೆ?

ಇಂಗ್ಲಿಷಿನ ‘ಆನ್ಸೆಸ್ಟರ್’ ಕನ್ನಡಕ್ಕೆ ಬಂದಾಗ ಬಹುಪಾಲು ‘ಪೂರ್ವಜ’ ಆಗುತ್ತದೆ. ನಿಘಂಟು ತೆರೆದರೆ ಮೊದಲು ಕಣ್ಣಿಗೆ ಬೀಳುವುದೂ ಅದೇ. ಮುಂಚೆ ಹುಟ್ಟಿದವನು ಪೂರ್ವಜ. ಇದರಲ್ಲಿ ತಕರಾರು ತೆಗೆಯುವಂಥದ್ದೇನೂ ಕಾಣುವುದಿಲ್ಲ. ಆದರೂ ಇಂಗ್ಲಿಷ್ ಕಾದಂಬರಿಗಳನ್ನು ಕನ್ನಡದ ಕಿವಿಯಲ್ಲಿ ಓದುವ ನನ್ನಂಥವರಿಗೆ ಈ ಪದ ಎದುರಾದಾಗಲೆಲ್ಲ ಸಣ್ಣ ಇರುಸುಮುರುಸು. ಏಕೆಂದರೆ ತೀರಿಹೋದ ಮನೆಯವರನ್ನು ಕುರಿತು ಮಾತಾಡಲು ನಮ್ಮಲ್ಲಿ ಹಲವು ಪದಗಳಿವೆ: ಪೂರ್ವಜರು, ಪೂರ್ವಿಕರು, ಪಿತೃಗಳು, ಹಿರಿಯರು, ಹಿಂದಿನವರು, ಅಜ್ಜ-ಮುತ್ತಜ್ಜಂದಿರು. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ. ಪೂರ್ವಜರ ಬಗ್ಗೆ ಹೆಮ್ಮೆ ಪಡುತ್ತೇವೆ, ಪಿತೃಗಳಿಗೆ ತರ್ಪಣ ಬಿಡುತ್ತೇವೆ, ಹಿರಿಯರಿಗೆ ಎಡೆ ಇಡುತ್ತೇವೆ. ಕ್ರಿಯಾಪದ ಬದಲಾದ ಹಾಗೆ ಸತ್ತವರೊಂದಿಗಿನ ಸಂಬಂಧವೂ ಬದಲಾಗುತ್ತದೆ. ಇಂಗ್ಲಿಷಿನ ಒಂದೇ ಪದದೊಳಗೆ ಈ ಸಂಬಂಧಗಳೆಲ್ಲ ಮಡಚಿಕೊಂಡಿವೆ. ಯಾವ ಕೃತಿಯಲ್ಲಿ ಯಾವ ಮಡಿಕೆ ಬಿಚ್ಚಿಕೊಂಡಿದೆ ಎಂದು ನೋಡದೆ ‘ಪೂರ್ವಜ’ ಎಂದು ಬರೆದುಬಿಟ್ಟರೆ, ಆ ಕೃತಿಯ ಜೀವ ಇರುವ ಜಾಗವೇ ಕೈತಪ್ಪುತ್ತದೆ ಎಂಬುದು ನನ್ನ ವಾದ.

ಪದದ ಹುಟ್ಟು ಸರಳವಾಗಿದೆ. ಲ್ಯಾಟಿನ್ನಿನಲ್ಲಿ ಅದರ ಮೂಲರೂಪಕ್ಕೆ ‘ಮುಂದೆ ಹೋದವನು’ ಎಂದರ್ಥ. ರೋಮನ್ ಸೈನ್ಯದಲ್ಲಿ ದಂಡಿಗಿಂತ ಮುಂಚೆ ಹೋಗಿ ದಾರಿ ನೋಡಿಕೊಂಡು ಬರುವವರನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ನಮಗೆ ಸತ್ತವರು ‘ಹಿಂದಿನವರು’, ಬೆನ್ನ ಹಿಂದೆ ಇರುವವರು. ಆ ಪದಕ್ಕೆ ಅವರು ನಮಗಿಂತ ಮುಂದೆ ನಡೆದವರು. ಹಳೆಯ ಫ್ರೆಂಚ್ ಭಾಷೆಯನ್ನು ದಾಟಿ ಇಂಗ್ಲೆಂಡಿಗೆ ಬಂದ ಮೇಲೆ ಪದಕ್ಕೆ ಒಂದು ಗಟ್ಟಿ ನೆಲೆ ಸಿಕ್ಕಿದ್ದು ನ್ಯಾಯಾಲಯದಲ್ಲಿ. ಎರಡನೆಯ ಹೆನ್ರಿ ದೊರೆಯ ಕಾಲದಲ್ಲಿ, 1176ರಲ್ಲಿ, ನಾರ್ಥಾಂಪ್ಟನ್ ಎಂಬಲ್ಲಿ ಒಂದು ಕಟ್ಟಳೆ ಬಂತು. ಅದರಿಂದ ಹುಟ್ಟಿದ ದಾವೆಯ ಹೆಸರೇ ‘ಆನ್ಸೆಸ್ಟರನ ಸಾವು’. ಜಮೀನು ಅನುಭವಿಸುತ್ತಿದ್ದ ಒಬ್ಬ ಸತ್ತಾಗ ಬೇರೆ ಯಾರಾದರೂ ಆ ನೆಲವನ್ನು ಹಿಡಿದುಕೊಂಡರೆ, ವಾರಸುದಾರ ದೊರೆಯ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಸತ್ತವನು ತಂದೆ ತಾಯಿಯೇ ಆಗಬೇಕೆಂದಿರಲಿಲ್ಲ; ಸೋದರ, ಸೋದರಿ, ಚಿಕ್ಕಪ್ಪ, ಅತ್ತೆ ಯಾರಾದರೂ ಸರಿ. ಅಂದರೆ ನೆಲ ಬಿಟ್ಟು ಸತ್ತರೆ ಒಡಹುಟ್ಟಿದ ತಮ್ಮನೂ ಕಾನೂನಿನ ಕಣ್ಣಿನಲ್ಲಿ ‘ಆನ್ಸೆಸ್ಟರ್’! ಸಂಸ್ಕೃತದಲ್ಲಿ ಪೂರ್ವಜ ಎಂದರೆ ಅಣ್ಣನೂ ಹೌದು, ಆದರೆ ತಮ್ಮನಂತೂ ಆಗಲಾರ. ಇಂಗ್ಲಿಷ್ ಕಾನೂನಿಗೆ ಬೇಕಾದದ್ದು ಯಾರು ಮೊದಲು ಹುಟ್ಟಿದರು ಎಂಬ ಲೆಕ್ಕವಲ್ಲ, ಆಸ್ತಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಲೆಕ್ಕ.

ಈ ಆಸ್ತಿಯ ವಾಸನೆ ಮೂಗಿಗೆ ಬಡಿಯದಿದ್ದರೆ ಥಾಮಸ್ ಹಾರ್ಡಿಯವರ ‘ಟೆಸ್’ ಕಾದಂಬರಿ (1891) ಅರ್ಧ ಮಾತ್ರ ಅರ್ಥವಾಗುತ್ತದೆ. ಆರಂಭದಲ್ಲೇ ಪಾದ್ರಿಯೊಬ್ಬರು ದಾರಿಯಲ್ಲಿ ಸಿಕ್ಕಿದ ಬಡ ವ್ಯಾಪಾರಿ ಜಾನ್ ಡರ್ಬಿಫೀಲ್ಡನಿಗೆ ಒಂದು ಸುದ್ದಿ ಹೇಳುತ್ತಾರೆ: ನೀನು ಡರ್ಬರ್ವಿಲ್ ಎಂಬ ಪುರಾತನ ಸರದಾರರ ಮನೆತನದವನು, ನಿನ್ನವರೆಲ್ಲ ಕಿಂಗ್ಸ್‌ಬಿಯರ್‌ನ ಚರ್ಚಿನ ನೆಲಮಾಳಿಗೆಯಲ್ಲಿ ಅಮೃತಶಿಲೆಯ ಕೆಳಗೆ ಮಲಗಿದ್ದಾರೆ ಎಂದು. ಹಾಗಾದರೆ ನಮ್ಮ ಜಮೀನೆಲ್ಲಿ ಎಂದು ಜಾನ್ ಕೇಳುತ್ತಾನೆ. ಇಲ್ಲ, ಏನೂ ಉಳಿದಿಲ್ಲ. ಅವನ ಹತ್ತಿರ ಇರುವುದು ಒಂದು ಬೆಳ್ಳಿ ಚಮಚ, ಒಂದು ಹಳೆಯ ಮುದ್ರೆ. ಆನ್ಸೆಸ್ಟರ್‌ಗಳು ಸಿಕ್ಕಿದರು, ಆದರೆ ಆ ಪದದ ಒಳಗಿರಬೇಕಾದ ನೆಲ ಸಿಗಲಿಲ್ಲ. ಆ ಸುದ್ದಿಯ ಅಮಲಿನಲ್ಲಿ ಅಪ್ಪ ಕುಡಿದು ಬೀಳುತ್ತಾನೆ. ಅವನ ಬದಲು ಮಗಳು ಇರುಳಲ್ಲಿ ಗಾಡಿ ಹೊಡೆದುಕೊಂಡು ಹೋಗುತ್ತಾಳೆ. ಸಂಸಾರದ ಆಧಾರವಾಗಿದ್ದ ಕುದುರೆ ಸಾಯುತ್ತದೆ. ಆ ನಷ್ಟ ತುಂಬಿಕೊಡಲು ಟೆಸ್ ‘ಬಂಧು’ಗಳ ಮನೆಗೆ ಹೋಗುತ್ತಾಳೆ. ಆ ಬಂಧುಗಳೋ ಹಣ ಮಾಡಿಕೊಂಡು, ಪುಸ್ತಕ ನೋಡಿ ಡರ್ಬರ್ವಿಲ್ ಎಂಬ ಹೆಸರನ್ನು ಆರಿಸಿ ಅಂಟಿಸಿಕೊಂಡವರು. ಹೆಸರಿದ್ದವರಿಗೆ ಆಸ್ತಿ ಇಲ್ಲ, ಆಸ್ತಿ ಇದ್ದವರಿಗೆ ಹೆಸರಿಲ್ಲ.

ಕಾದಂಬರಿಯ ಕೊನೆಯ ಭಾಗದಲ್ಲಿ ಹಾರ್ಡಿ ಈ ವ್ಯಂಗ್ಯವನ್ನು ಇನ್ನೂ ಕ್ರೂರವಾಗಿ ತಿರುಗಿಸುತ್ತಾರೆ. ಡರ್ಬಿಫೀಲ್ಡರ ಗುಡಿಸಲಿನ ಗುತ್ತಿಗೆ ಮೂವರ ಆಯುಸ್ಸಿಗೆ ಕಟ್ಟಿದ್ದು. ಆ ಮೂವರಲ್ಲಿ ಜಾನ್ ಕೊನೆಯವನು. ಅವನು ಸತ್ತೊಡನೆ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಾರೆ. ಬೇರೆಲ್ಲೂ ಜಾಗ ಸಿಗದೆ, ಕಿಂಗ್ಸ್‌ಬಿಯರ್ ಚರ್ಚಿನ ಗೋಡೆಗೆ ಒತ್ತಿ, ತಮ್ಮ ಮನೆತನದ ಕಿಟಕಿಯ ಕೆಳಗೇ ಮಂಚ ಹಾಕಿಕೊಳ್ಳುತ್ತಾರೆ. ಒಳಗೆ ಗೋರಿಯ ಮೇಲೆ ಕಲ್ಲಿನ ಪ್ರತಿಮೆಯಂತೆ ಮಲಗಿದ್ದವನು ಎದ್ದು ಕೂತಾಗ ನೋಡಿದರೆ ಅವನು ಅಲೆಕ್, ಹೆಸರು ಅಂಟಿಸಿಕೊಂಡವರ ಮಗ. ಕೆಳಗೆ ಮಲಗಿರುವ ಅಸಲಿಯವರೆಲ್ಲ ಸೇರಿದರೂ ಮಾಡಲಾಗದ ಉಪಕಾರವನ್ನು ಈ ನಕಲಿಯ ಕಿರುಬೆರಳು ಮಾಡಬಲ್ಲದು ಎಂಬ ಧಾಟಿಯಲ್ಲಿ ಅವನು ಮಾತಾಡುತ್ತಾನೆ. ಇಲ್ಲಿ ‘ಪೂರ್ವಜರು’ ಎಂದು ಬರೆದರೆ ವಂಶದ ಹೆಮ್ಮೆ ಮಾತ್ರ ಕೇಳಿಸುತ್ತದೆ. ಬೇಕಾದದ್ದು ನಮ್ಮ ತಾಲ್ಲೂಕು ಕಚೇರಿಯ ಭಾಷೆ: ವಾರಸುದಾರಿಕೆ, ಹಕ್ಕು, ಪಿತ್ರಾರ್ಜಿತ. ಆಸ್ತಿಯ ಜಗಳ ಕಂಡ ಯಾವ ಕನ್ನಡ ಓದುಗನಿಗೂ ಜಾನ್ ಡರ್ಬಿಫೀಲ್ಡನ ಪಾಡು ‘ಪಿತ್ರಾರ್ಜಿತ’ ಎಂಬ ಒಂದು ಪದದಿಂದ ತಟ್ಟನೆ ಹತ್ತಿರವಾಗುತ್ತದೆ.

ಆ ಪದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಇತಿಹಾಸವಿದೆ. ಹಿಂದೂ ಉತ್ತರಾಧಿಕಾರದ ಮುಖ್ಯ ಆಧಾರಗಳಲ್ಲೊಂದಾದ ‘ಮಿತಾಕ್ಷರ’ವನ್ನು ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಲುಕ್ಯರ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಸಪಿಂಡರು ಎಂಬಲ್ಲಿ ‘ಪಿಂಡ’ ಎಂದರೆ ಒಂದೇ ದೇಹದ ಅಂಶ ಹಂಚಿಕೊಂಡವರು ಎಂದು ಅವನು ಅರ್ಥ ಮಾಡಿದ. ಬಂಗಾಳದಲ್ಲಿ ನಡೆದ ‘ದಾಯಭಾಗ’ದ ಪರಂಪರೆ ಅದನ್ನು ಸತ್ತವರಿಗೆ ಇಡುವ ಅನ್ನದ ಪಿಂಡ ಎಂದು ಹಿಡಿಯಿತು. ಒಂದು ಕಡೆ ರಕ್ತ, ಇನ್ನೊಂದು ಕಡೆ ಅನ್ನ. ಸತ್ತವರಿಗೂ ನಮಗೂ ನಡುವಿನ ದಾರ ಯಾವುದು ಎಂಬ ಪ್ರಶ್ನೆಗೆ ಎರಡು ಉತ್ತರ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಈ ಪ್ರಶ್ನೆಯನ್ನೇ ಬೆಂಕಿಗೆ ಹಿಡಿಯುತ್ತದೆ. ವಂಶವನ್ನು ಧರ್ಮವೆಂದೇ ನಂಬಿ ಬಾಳಿದ ಶ್ರೀನಿವಾಸ ಶ್ರೋತ್ರಿಯರಿಗೆ, ತಾನು ಹುಟ್ಟಿದ್ದೇ ಆ ವಂಶದ ರಕ್ತಕ್ಕಲ್ಲ ಎಂದು ಮುಪ್ಪಿನಲ್ಲಿ ತಿಳಿಯುತ್ತದೆ. ಜಾನನಿಗೆ ವಂಶ ಸಿಕ್ಕಿ ಬದುಕು ಹಾಳಾಯಿತು. ಶ್ರೋತ್ರಿಯರಿಗೆ ವಂಶ ಕಳೆದು ಬದುಕಿನ ಆಧಾರವೇ ಅಲುಗಿತು. ಇಬ್ಬರಿಗೂ ಪೆಟ್ಟು ಕೊಟ್ಟಿದ್ದು ಒಂದು ಸುದ್ದಿ.

ಸುದ್ದಿ ಹೇಳುವವರು ಯಾರು ಎಂಬುದೂ ಮುಖ್ಯ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಎತ್ತಿನ ಮೇಲೆ ಕೂತು ಬಂದು, ಮನೆಯ ಮುಂದೆ ಆ ಮನೆತನದ ತಲೆಮಾರುಗಳ ಹೆಸರು ಹೇಳಿ, ಕಾಳುಕಡಿ ಪಡೆದು ಹೋಗುತ್ತಿದ್ದರು. ಹೊಸ ಕೂಸು ಹುಟ್ಟಿದ್ದರೆ ಅದರ ಹೆಸರನ್ನೂ ಸೇರಿಸಿಕೊಳ್ಳುತ್ತಿದ್ದರು. ಕೇಳುವವರಿಗೆ ಆ ಹೆಸರುಗಳು ಹೊಸ ಸುದ್ದಿಯಲ್ಲ, ಮತ್ತೆ ಮತ್ತೆ ಕೇಳಿದ ನೆನಪು. ಹಾರ್ಡಿಯವರ ಪಾದ್ರಿಗೆ ವಂಶಾವಳಿ ಬರೀ ಹವ್ಯಾಸ. ನೆನಪಿನ ನಂಟಿಲ್ಲದೆ, ದಾರಿಯಲ್ಲಿ ತಮಾಷೆಗೆಂಬಂತೆ ಹೇಳಿ ಅವರು ಕುದುರೆ ತಿರುಗಿಸಿಕೊಂಡು ಹೋಗಿಬಿಡುತ್ತಾರೆ. ಆಮೇಲಿನದನ್ನು ಅನುಭವಿಸುವವರು ಬೇರೆ.

ಸಾಹಿತ್ಯ ವಿಮರ್ಶೆಗೆ ಬಂದರೆ ಈ ಪದಕ್ಕೆ ಇನ್ನೊಂದೇ ಬಣ್ಣ. ಟಿ.ಎಸ್. ಎಲಿಯಟ್ 1919ರಲ್ಲಿ ಪರಂಪರೆ ಮತ್ತು ವೈಯಕ್ತಿಕ ಪ್ರತಿಭೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಸತ್ತ ಕವಿಗಳನ್ನು ಹೊಸ ಕವಿಯ ಆನ್ಸೆಸ್ಟರ್‌ಗಳೆಂದು ಕರೆದರು. ಪರಂಪರೆ ತಾನಾಗಿ ಕೈಗೆ ಬರುವುದಿಲ್ಲ, ದುಡಿದು ಪಡೆಯಬೇಕು ಎಂಬುದು ಅವರ ವಾದ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಾವ್ಯದಲ್ಲಿ ಪಿತ್ರಾರ್ಜಿತವನ್ನೂ ಸ್ವಯಾರ್ಜಿತದ ಹಾಗೆಯೇ ಸಂಪಾದಿಸಬೇಕು. ಇಲ್ಲಿ ‘ಪೂರ್ವಜ’ ಎಂದು ಬರೆದರೆ ಕವಿಯ ಮನೆತನ ನೆನಪಾಗುತ್ತದೆಯೇ ಹೊರತು ಕಾವ್ಯವಲ್ಲ. ಕನ್ನಡದಲ್ಲಿ ಇದಕ್ಕೆ ಹಳೆಯ ಪದವೇ ಇದೆ: ಪೂರ್ವಸೂರಿಗಳು, ಪೂರ್ವಕವಿಗಳು. ಕಾವ್ಯದ ಮೊದಲಿಗೆ ಹಿಂದಿನ ಕವಿಗಳನ್ನು ನೆನೆಯುವುದು ನಮ್ಮ ಕವಿಗಳ ರೂಢಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರ ಹೆಸರು ಹೇಳುತ್ತದೆ. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಬಂದಿರುವುದು ಹೆಸರು ಮಾತ್ರ. ಆದರೂ ಕನ್ನಡ ಗದ್ಯದ ಚರಿತ್ರೆ ಬರೆಯುವವರು ಆ ಹೆಸರುಗಳಿಂದಲೇ ಶುರುಮಾಡುತ್ತಾರೆ. ಆಸ್ತಿ ಇಲ್ಲದೆಯೂ ವಾರಸುದಾರಿಕೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈ ಸಾಧ್ಯತೆಯನ್ನು ಅತ್ಯಂತ ನೋವಿನಿಂದ ಮುಟ್ಟಿದವರು ಟೋನಿ ಮಾರಿಸನ್. ಅವರು ಬರೆದದ್ದು ಯಾರ ಬಗ್ಗೆ ಎಂದು ನೆನೆಯಿರಿ. ಅಮೆರಿಕಕ್ಕೆ ಗುಲಾಮರಾಗಿ ಸಾಗಿಸಲ್ಪಟ್ಟವರಿಗೆ ಬಿಟ್ಟುಹೋಗಲು ಆಸ್ತಿ ಎಲ್ಲಿಂದ ಬರಬೇಕು? ಅವರೇ ಇನ್ನೊಬ್ಬರ ಆಸ್ತಿಯಾಗಿದ್ದರು. ನೆಲದ ವಾರಸುದಾರಿಕೆಯಲ್ಲಿ ಬಲಿತ ಪದವೊಂದನ್ನು ಅವರ ಮಕ್ಕಳ ಮಕ್ಕಳು ತಮ್ಮದಾಗಿಸಿಕೊಂಡದ್ದೇ ದೊಡ್ಡ ಕಥೆ. ‘ಸಾಂಗ್ ಆಫ್ ಸಾಲೊಮನ್’ (1977) ಕಾದಂಬರಿಯಲ್ಲಿ ಬಿಡುಗಡೆಯಾದ ಗುಲಾಮನೊಬ್ಬ ಹೆಸರು ನೋಂದಾಯಿಸಲು ಹೋಗುತ್ತಾನೆ. ಹುಟ್ಟಿದ ಊರು ಯಾವುದು ಎಂದರೆ ಮೇಕನ್ ಎನ್ನುತ್ತಾನೆ. ಅಪ್ಪ ಯಾರು ಎಂದರೆ ಸತ್ತುಹೋಗಿದ್ದಾನೆ ಎನ್ನುತ್ತಾನೆ. ಕುಡಿದಿದ್ದ ಅಧಿಕಾರಿ ಉತ್ತರಗಳನ್ನು ತಪ್ಪು ಖಾನೆಗಳಲ್ಲಿ ತುಂಬುತ್ತಾನೆ. ಅಲ್ಲಿಂದ ಮುಂದೆ ಆ ಮನೆತನದ ಹೆಸರೇ ‘ಡೆಡ್’, ಸತ್ತವರು. ಡರ್ಬರ್ವಿಲ್ ಡರ್ಬಿಫೀಲ್ಡ್ ಆದದ್ದು ಜನರ ನಾಲಿಗೆಯ ಸವೆತದಿಂದ. ಇವರ ಹೆಸರು ಹೋದದ್ದು ಒಂದು ಕಾಗದದ ಮೇಲೆ, ಒಂದೇ ಗಳಿಗೆಯಲ್ಲಿ.

ಮೊಮ್ಮಗ ಮಿಲ್ಕ್‌ಮನ್ ಊರು ಬಿಟ್ಟು ಹೊರಡುವುದು ಚಿನ್ನ ಹುಡುಕಲು. ಅದಕ್ಕೂ ಮುಂಚೆ ಸೋದರತ್ತೆ ಪೈಲೆಟಳ ಮನೆಯ ಮಾಡಿಗೆ ತೂಗುಹಾಕಿದ್ದ ಹಸಿರು ಚೀಲವನ್ನು, ಚಿನ್ನವಿರಬೇಕೆಂದು ಕದ್ದಿದ್ದಾನೆ. ಅದರಲ್ಲಿ ಇದ್ದದ್ದು ಮೂಳೆಗಳು. ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಮಕ್ಕಳು ಸುತ್ತು ಹಾಕಿ ಆಡುತ್ತಾ ಹೇಳುವ ಹಾಡಿನಲ್ಲಿ ಅವನಿಗೆ ತನ್ನ ಅಜ್ಜನ, ಮುತ್ತಜ್ಜನ, ಮುತ್ತಜ್ಜಿಯ ಹೆಸರುಗಳು ಸಿಗುತ್ತವೆ. ಆ ಮೂಳೆಗಳು ತನ್ನ ಅಜ್ಜನವೇ ಎಂಬುದೂ ಆಗ ಗೊತ್ತಾಗುತ್ತದೆ. ಚಿನ್ನ ಸಿಗುವುದೇ ಇಲ್ಲ. ಇಲ್ಲಿ ಹೆಳವನ ಕೆಲಸವನ್ನು ಮಾಡಿದ್ದು ಆಟವಾಡುವ ಮಕ್ಕಳು.

ಮಾರಿಸನ್ 1984ರ ‘ರೂಟೆಡ್‌ನೆಸ್’ ಎಂಬ ಪ್ರಬಂಧದಲ್ಲಿ, ಕಪ್ಪು ಜನರ ಬರವಣಿಗೆಯಲ್ಲಿ ಆನ್ಸೆಸ್ಟರ್ ಇದ್ದಾರೆಯೇ ಇಲ್ಲವೇ ಎಂಬುದನ್ನು ವಿಮರ್ಶೆಯ ಒಂದು ಮುಖ್ಯ ಪ್ರಶ್ನೆಯನ್ನಾಗಿಸಿದರು. ಅವರ ಅರ್ಥದಲ್ಲಿ ಅವರು ಬರೀ ಹೆತ್ತವರಲ್ಲ, ಸತ್ತವರೇ ಆಗಿರಬೇಕೆಂದೂ ಇಲ್ಲ. ಕಾಯುವವರು, ಬುದ್ಧಿ ಹೇಳುವವರು, ಕಾಲದ ಹಂಗಿಲ್ಲದೆ ಜೊತೆಗಿರುವವರು. ಈ ಅರ್ಥವನ್ನು ಹೊರುವ ಶಕ್ತಿ ‘ಪೂರ್ವಜ’ಕ್ಕಿಲ್ಲ. ಅದು ಗಂಡು ಪದ. ‘ಪಿತೃ’ ಅಂತೂ ಅಪ್ಪನೇ. ಪೈಲೆಟಳಂಥ ಹೆಣ್ಣನ್ನು, ಅದೂ ಬದುಕಿರುವವಳನ್ನು, ಇವು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಟ್ಟ ಕಾನೂನು ದೇಶಕ್ಕೆಲ್ಲ ಬಂದದ್ದೇ 2005ರಲ್ಲಿ. ಪದಗಳು ಕಾನೂನಿಗಿಂತ ನಿಧಾನ.

ಆದರೆ ‘ಹಿರಿಯರು’ ಎಂಬ ಪದ ಮೊದಲಿನಿಂದಲೂ ಅಗಲವಾಗಿಯೇ ಇದೆ. ಜಗಲಿಯ ಮೇಲೆ ಕೂತ ಅಜ್ಜಿಯೂ ಹಿರಿಯರು, ಮಣ್ಣಾದ ಮುತ್ತಜ್ಜಿಯೂ ಹಿರಿಯರು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹಳ್ಳಿಗಳಲ್ಲಿ ಹಿರಿಯರ ಹಬ್ಬ ಮಾಡುವಾಗ ಹೊಸ ಸೀರೆ, ಹೊಸ ಪಂಚೆ ಎರಡನ್ನೂ ಇಡುತ್ತಾರೆ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೇ ಅಡುಗೆ ಮಾಡಿ ಎಡೆ ಇಡುತ್ತಾರೆ. ಅಲ್ಲಿ ಯಾರೂ ವಂಶಾವಳಿಯ ಪತ್ರ ಕೇಳುವುದಿಲ್ಲ. ಗೇಣು ಜಮೀನಿಲ್ಲದ ಮನೆಗೂ ಹಿರಿಯರಿರುತ್ತಾರೆ. ಮಾರಿಸನ್ ಹುಡುಕುತ್ತಿದ್ದುದು ಇದನ್ನೇ.

ಹೀಗಾಗಿ ಅನುವಾದಕ್ಕೆ ಕೂರುವವರಿಗೆ ನನ್ನ ಕೋರಿಕೆ ಚಿಕ್ಕದು. ಈ ಪದ ಬಂದಲ್ಲಿ ಒಂದು ಕ್ಷಣ ನಿಂತು, ಸತ್ತವರೊಂದಿಗೆ ಆ ವಾಕ್ಯ ಏನು ಮಾಡುತ್ತಿದೆ ಎಂದು ಕೇಳಿಕೊಳ್ಳಿ. ಮೆರೆಯುತ್ತಿದೆಯೇ, ಹಕ್ಕು ಕೇಳುತ್ತಿದೆಯೇ, ಕಲಿಯುತ್ತಿದೆಯೇ, ಉಣಬಡಿಸುತ್ತಿದೆಯೇ? ಮೆರೆಯುವಲ್ಲಿ ‘ಪೂರ್ವಜರು’ ಇರಲಿ, ಅದು ಅದಕ್ಕೆ ಒಪ್ಪುತ್ತದೆ. ಆದರೆ ಸತ್ತ ಅಪ್ಪ ಬಂದು ಹೇಳಿದನೆಂದು ಯಾರದೋ ಮೂಳೆಗಳನ್ನು ಹುಡುಕಿ ತಂದು, ವರ್ಷಗಟ್ಟಲೆ ಮನೆಯಲ್ಲಿ ಜೋಪಾನ ಮಾಡಿದವಳು ಪೈಲೆಟ್. ಅವು ಅಪ್ಪನವೇ ಎಂದು ಅವಳಿಗೂ ಗೊತ್ತಿರಲಿಲ್ಲ. ಆ ಹಸಿರು ಚೀಲದಲ್ಲಿ ಇದ್ದವನನ್ನು ಪೂರ್ವಜ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅವನು ಆ ಮನೆಯ ಹಿರಿಯ.