ಎರಡು ರನ್, ಒಂದು ಕ್ಯಾಚ್

2020ರ ಜನವರಿ 17, ರಾಜ್‌ಕೋಟ್. ಆಸ್ಟ್ರೇಲಿಯಾ ವಿರುದ್ಧದ ಏಕದಿನ ಪಂದ್ಯ. ರಿಷಭ್ ಪಂತ್ ತಲೆಗೆ ಪೆಟ್ಟು ತಿಂದಿದ್ದರಿಂದ ಹನ್ನೊಂದರಲ್ಲಿ ಜಾಗ ಪಡೆದ ಮನೀಶ್ ಪಾಂಡೆ ಎರಡೇ ರನ್ನಿಗೆ ಔಟಾದರು. ಆಮೇಲೆ ಫೀಲ್ಡಿಂಗ್. ಶಮಿ ಎಸೆತವನ್ನು ಡೇವಿಡ್ ವಾರ್ನರ್ ಕವರ್ ಮೇಲೆ ಬಿರುಸಾಗಿ ಬಾರಿಸಿದರು. ಪಾಂಡೆ ನೆಲ ಬಿಟ್ಟು ನೆಗೆದು, ಒಂದೇ ಕೈಯಲ್ಲಿ ಚೆಂಡನ್ನು ಕಿತ್ತುಕೊಂಡರು. 341ರ ಗುರಿ ಬೆನ್ನತ್ತಿದ್ದ ಎದುರಾಳಿಯ ಮುಖ್ಯ ಬ್ಯಾಟರ್ 15ಕ್ಕೆ ಹೊರಟರು. ಭಾರತ 36 ರನ್‌ಗಳಿಂದ ಗೆದ್ದಿತು.

ಬ್ಯಾಟಿಂಗ್ ದಾಖಲೆಯೂ ಸಣ್ಣದಲ್ಲ. ನೈನಿತಾಲ್‌ನಲ್ಲಿ ಹುಟ್ಟಿ ಕರ್ನಾಟಕದ ಆಟಗಾರನಾದ ಪಾಂಡೆ, 2009ರ ಮೇ 21ರಂದು ಸೆಂಚುರಿಯನ್‌ನಲ್ಲಿ 114 ಹೊಡೆದು ಐಪಿಎಲ್ ಶತಕ ಬಾರಿಸಿದ ಮೊದಲ ಭಾರತೀಯರಾದರು. 2010ರ ಜನವರಿಯಲ್ಲಿ ಮೈಸೂರಿನ ರಣಜಿ ಫೈನಲ್‌ನಲ್ಲಿ ಅವರ 144ರ ಬಲದಿಂದ ಕರ್ನಾಟಕ 338ರ ಗುರಿಯ ಹೊಸ್ತಿಲಿಗೆ ಬಂದು, ಮುಂಬೈಗೆ ಆರೇ ರನ್ನಿಂದ ಸೋತಿತು. 2014ರ ಐಪಿಎಲ್ ಫೈನಲ್‌ನಲ್ಲಿ 50 ಎಸೆತಕ್ಕೆ 94, 2016ರಲ್ಲಿ ಸಿಡ್ನಿಯಲ್ಲಿ ಅಜೇಯ 104. ಇಷ್ಟಾದರೂ ಭಾರತ ತಂಡದಲ್ಲಿ ಗಟ್ಟಿಯಾಗಿ ನೆಲೆಯೂರಲಿಲ್ಲ. ಐಪಿಎಲ್‌ನಲ್ಲೂ ತಂಡದಿಂದ ತಂಡಕ್ಕೆ ಅಲೆದರು. 2008ರಿಂದ 2025ರವರೆಗೆ ಪ್ರತಿ ಐಪಿಎಲ್‌ನಲ್ಲೂ ಆಡಿದ ನಾಲ್ವರಲ್ಲಿ ಅವರೊಬ್ಬರು. ಉಳಿದ ಮೂವರು ಧೋನಿ, ಕೊಹ್ಲಿ, ರೋಹಿತ್.

ಬ್ಯಾಟು ಕೈಕೊಟ್ಟ ದಿನವೂ ಫೀಲ್ಡಿಂಗ್‌ನಿಂದಾಗಿ ಪಾಂಡೆ ತಂಡಕ್ಕೆ ಬೇಕಾದವರು.

ಅಂಥ ಫೀಲ್ಡರ್‌ಗಳ ಆಟ ನೋಡಬೇಕೆಂದರೆ ಬೌಲರನ್ನು ಬಿಟ್ಟು ಡೀಪ್ ಮಿಡ್‌ವಿಕೆಟ್ ಕಡೆ ಕಣ್ಣು ನೆಡಬೇಕು. ಬೌಲರ್ ಓಡತೊಡಗಿದಾಗ ಒಳ್ಳೆಯ ಫೀಲ್ಡರ್ ಗೆರೆ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದಿರುತ್ತಾನೆ. ಚೆಂಡು ಬ್ಯಾಟಿಗೆ ತಾಗುವ ಹೊತ್ತಿಗೆ ಮಂಡಿ ಬಾಗಿರುತ್ತದೆ, ತೂಕ ಮುಂಗಾಲಿನ ಮೇಲಿರುತ್ತದೆ. ಚೆಂಡಿನ ಹಿಂದೆ ಓಡದೆ ಅದನ್ನು ಅಡ್ಡಗಟ್ಟುವ ದಾರಿ ಹಿಡಿಯುತ್ತಾನೆ; ಎತ್ತುವಾಗಲೇ ಮೈ ವಿಕೆಟ್ ಕಡೆ ತಿರುಗಿರುತ್ತದೆ. ಎಸೆತ ಒಂದು ಪುಟ ಬಿದ್ದು ಕೀಪರ್ ಕೈ ಸೇರಿದರೆ, ಎರಡನೇ ರನ್ನಿಗೆ ಹೊರಟವರು ಅರ್ಧ ದಾರಿಯಿಂದ ವಾಪಸ್.

ಹಾಸನ ಜಿಲ್ಲೆಯಲ್ಲೋ, ಕ್ರಿಕೆಟ್ ಎಂದರೆ ಫೀಲ್ಡರ್‌ಗಳಿಗಿಂತ ಮೊದಲು ವೇಗದ ಬೌಲರ್‌ಗಳ ಮಾತು. ಜಾವಗಲ್ ಹೆಸರನ್ನು ಜಗತ್ತಿಗೆ ಸಾರಿದ ಶ್ರೀನಾಥ್, ಅರಸೀಕೆರೆಯ ಡೇವಿಡ್ ಜಾನ್ಸನ್ ಇಬ್ಬರೂ ಅದೇ ಸಾಲಿನವರು. ಬಾಗೂರು, ಚನ್ನರಾಯಪಟ್ಟಣದಂಥ ಊರುಗಳ ಟೆನಿಸ್ ಬಾಲ್ ಪಂದ್ಯಗಳಲ್ಲಿ ಮಾತ್ರ ಆಟ ಬಾರದವನನ್ನು ಬೌಂಡರಿಗೆ ಅಟ್ಟುವ ಹಳೇ ರೂಢಿ ಹೋಗಿಲ್ಲ. ಕಲ್ಲು ಮಣ್ಣಿನ ಆ ನೆಲದಲ್ಲಿ ಚೆಂಡು ಎತ್ತ ಪುಟಿಯುತ್ತದೋ ಹೇಳಲಾಗದು. ಅಲ್ಲಿ ನಿಲ್ಲಬೇಕಾದವನು ತಂಡದ ಚುರುಕು ಹುಡುಗ. ಬೆಸ್ಟ್ ಬ್ಯಾಟ್ಸ್‌ಮನ್, ಬೆಸ್ಟ್ ಬೌಲರ್ ಕಪ್ಪುಗಳ ಪಕ್ಕದಲ್ಲಿ ಬೆಸ್ಟ್ ಫೀಲ್ಡರ್ ಕಪ್ಪನ್ನೂ ಇಡಲು ಆಯೋಜಕರು ಈ ಬೇಸಿಗೆಯಿಂದಲೇ ಮನಸ್ಸು ಮಾಡಲಿ.